18ನೇ ನಂಬರಿನ ಟ್ರಾಮಿನ ಕೊನೆಯ ನಿಲ್ದಾಣ

ಜಿನೀವಾದ ಕೋರ್ನವೆ ರೈಲು ನಿಲ್ದಾಣದ ಬಳಿ 18ನೇ ನಂಬರಿನ ಟ್ರಾಮ್ ಹತ್ತಿ ಕೂತರೆ ಸಾಕು, ದಾರಿ ತಪ್ಪುವ ಭಯವೇ ಇಲ್ಲ. ಅಂಗಡಿಬೀದಿ ಮುಗಿದು, ಮೇರಿನ್‌ನ ವಸತಿ ಕಟ್ಟಡಗಳ ಸಾಲು ಕಳೆದು, ಹಳಿ ಮುಗಿಯುವಲ್ಲಿ ಸರ್ನ್ ಎಂಬ ಭೌತವಿಜ್ಞಾನದ ಪ್ರಯೋಗಾಲಯ ಇದೆ. ಅಲ್ಲಿಂದಾಚೆ ಕೂಗಳತೆಯಲ್ಲಿ ಫ್ರಾನ್ಸ್. ನನ್ನ ಅಕ್ಕಪಕ್ಕ ಕೂತಿದ್ದವರಲ್ಲಿ ಅರ್ಧ ಮಂದಿಯ ಕೊರಳಲ್ಲಿ ಗುರುತಿನ ಚೀಟಿ, ಉಳಿದರ್ಧ ಮಂದಿಯ ಕೈಯಲ್ಲಿ ಕ್ಯಾಮೆರಾ. ನಾನು ಎರಡನೆಯ ಪಂಗಡದವನು.

ಹೋದದ್ದು ಹಿಗ್ಸ್ ಬೋಸಾನಿನ ದರ್ಶನಕ್ಕಲ್ಲ. (ಅದು ಸೆಕೆಂಡಿನ ಕೋಟಿ ಕೋಟಿಯಲ್ಲೊಂದು ಪಾಲು ಕೂಡ ಬದುಕುವುದಿಲ್ಲ, ದರ್ಶನ ಎಲ್ಲಿಂದ ಬರಬೇಕು!) ಈ ಪ್ರಯೋಗಾಲಯ 2011ರಿಂದ ಜಗತ್ತಿನ ಕಲಾವಿದರನ್ನು ಕರೆಸಿ, ಕೆಲವು ವಾರವೋ ಒಂದೆರಡು ತಿಂಗಳೋ ಇರಿಸಿಕೊಂಡು, ಭೌತವಿಜ್ಞಾನಿಗಳ ನಡುವೆ ಓಡಾಡಲು ಬಿಡುತ್ತಿದೆ. ಏರಿಯಾನ್ ಕೂಕ್ ಎಂಬಾಕೆ ಶುರುಮಾಡಿದ ಕೆಲಸ ಅದು. ಹಾಗೆ ಬಂದುಹೋದವರು ಇಲ್ಲಿ ಏನು ಮಾಡಿದರು, ಏನು ಬಿಟ್ಟುಹೋದರು ಅಂತ ನೋಡಬೇಕಿತ್ತು. ಮೈಸೂರಿನ ಹುಡುಗಿಯೊಬ್ಬಳು ಅಲ್ಲಿ ಡಾಕ್ಟರೇಟ್ ಮಾಡುತ್ತಿದ್ದಳು. ಪರಿಚಯದವರ ಮೂಲಕ ಸುದ್ದಿ ಮುಟ್ಟಿಸಿದ್ದೆ. ಗೇಟಿನಲ್ಲಿ ನನಗೊಂದು ಚೀಟಿ ಮಾಡಿಸಿ ಒಳಗೆ ಕರೆದುಕೊಂಡಳು.

"ನೋಡೋಕೆ ಅಂಥದ್ದೇನೂ ಇಲ್ಲ ಸರ್, ಮೊದಲೇ ಹೇಳ್ಬಿಡ್ತೀನಿ" ಅಂದಳು. ಹುಡುಗಿ ನಿಜ ಹೇಳಿದ್ದಳು. ಹೊರಗಡೆ 27 ಮೀಟರ್ ಎತ್ತರದ ಮರದ ಗೋಳ, ಅದರಾಚೆ ರೆಂಜೊ ಪಿಯಾನೊ ವಿನ್ಯಾಸಗೊಳಿಸಿದ ಹೊಸ ವಿಜ್ಞಾನ ಕೇಂದ್ರ ಎಲ್ಲ ಕಣ್ಣು ಕುಕ್ಕುತ್ತವೆ. ಒಳಗಿನದು ಮಾತ್ರ ಹಳೆಯ ಸರ್ಕಾರಿ ಕಾಲೊನಿ. 1954ರಲ್ಲಿ ಹುಟ್ಟಿದ ಸಂಸ್ಥೆ, ಬೇಕುಬೇಕಾದಾಗ ಕಟ್ಟಿಕೊಂಡ ಕಟ್ಟಡಗಳು, ಕ್ರಮವೇ ಇಲ್ಲದ ಅವುಗಳ ನಂಬರು, ಐನ್‌ಸ್ಟೈನ್, ಬೋರ್, ಫೈನ್‌ಮನ್ ಹೆಸರಿನ ಕಿರುರಸ್ತೆಗಳು. ವರ್ಲ್ಡ್ ವೈಡ್ ವೆಬ್ ಹುಟ್ಟಿದ ಕೋಣೆ ಯಾವುದೆಂದು ಒಂದು ಫಲಕ ನೋಡಿಯೇ ತಿಳಿಯಬೇಕು. ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ಯಂತ್ರ, 27 ಕಿಲೋಮೀಟರ್ ಸುತ್ತಳತೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಇರುವುದು ಸುಮಾರು ನೂರು ಮೀಟರ್ ಕೆಳಗೆ. ಯಂತ್ರ ಓಡುತ್ತಿರುವಾಗ ಅಲ್ಲಿಗೆ ನರಪಿಳ್ಳೆಯನ್ನೂ ಬಿಡುವುದಿಲ್ಲ. ಮೇಲೆ ದ್ರಾಕ್ಷಿ ತೋಟ, ಹೊಲ, ದನ.

ಭಾರತದವರು ಬಂದರೆ ಮೊದಲು ಎಲ್ಲಿಗೆ ಕರೆದೊಯ್ಯಬೇಕು ಅನ್ನುವುದು ಅವಳಿಗೆ ರೂಢಿಯಾಗಿಹೋಗಿತ್ತು. 39 ಮತ್ತು 40ನೇ ಕಟ್ಟಡಗಳ ನಡುವೆ ನಟರಾಜ ಕುಣಿಯುತ್ತಿದ್ದ. ಎರಡು ಮೀಟರ್ ಎತ್ತರದ ವಿಗ್ರಹ, 2004ರ ಜೂನ್ 18ರಂದು ಅನಾವರಣಗೊಂಡ ನಮ್ಮ ಸರ್ಕಾರದ ಉಡುಗೊರೆ. ಸೆಲ್ಫಿಗೆ ಕ್ಯೂ ಇತ್ತು, ನಾನೂ ನಿಂತೆ. ನಿಂತಷ್ಟು ಹೊತ್ತು ಬೇರೇನೋ ತಲೆಯಲ್ಲಿತ್ತು. ನೆಲದಡಿ ಒಂದೊಂದೂ 15 ಮೀಟರ್ ಉದ್ದ, 35 ಟನ್ ತೂಕದ ಕಾಂತಗಳಿವೆ, ಅಂಥವು 1,232. ಅವನ್ನು ಕೂದಲೆಳೆಯೂ ಆಚೀಚೆಯಾಗದಂತೆ ಹೊತ್ತು ನಿಂತಿರುವ ಸುಮಾರು 7,000 ಜಾಕ್‌ಗಳು ಭಾರತದಲ್ಲಿ ತಯಾರಾದವು, ಇಂದೋರಿನ ವಿಜ್ಞಾನಿಗಳು ವಿನ್ಯಾಸ ಮಾಡಿದವು. ಅವುಗಳ ಜೊತೆ ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ. ನಟರಾಜ ಸಿದ್ಧವಾಗಿ ಬಂದು ಇಲ್ಲಿ ನಿಂತವನು, ಚೆನ್ನಾಗಿಯೇ ನಿಂತಿದ್ದಾನೆ. ನಾನು ಹುಡುಕಿ ಬಂದದ್ದು ಇಲ್ಲಿನ ಗಾಳಿ ಕುಡಿದು ಹುಟ್ಟಿದ್ದನ್ನು.

ರಸ್ತೆಯಾಚೆ ಅಟ್ಲಾಸ್ ಶೋಧಕದ ನೆತ್ತಿಯ ಮೇಲಿರುವ ಕಟ್ಟಡದ ಗೋಡೆಯಲ್ಲಿ ಮೂರು ಅಂತಸ್ತಿನಷ್ಟು ಎತ್ತರದ ಚಿತ್ರವಿದೆ. ಕೆಳಗೆ ಗುಹೆಯಲ್ಲಿ ಕೂತಿರುವ 46 ಮೀಟರ್ ಉದ್ದದ, 7,000 ಟನ್ನಿನ ಆ ದೈತ್ಯನ ಒಳಹೊಟ್ಟೆಯನ್ನೇ ಜೋಸೆಫ್ ಕ್ರಿಸ್ಟೊಫೊಲೆಟ್ಟಿ ಎಂಬ ಕಲಾವಿದ 2010ರಲ್ಲಿ ಬರೆದಿಟ್ಟ. ಬಣ್ಣ ಸೊಗಸು, ಕೆಲಸ ಅಚ್ಚುಕಟ್ಟು. ಆದರೆ ನನಗೇಕೋ ಅದು ಪಠ್ಯಪುಸ್ತಕದ ಪುಟವೊಂದನ್ನು ಹಿಗ್ಗಿಸಿ ಅಂಟಿಸಿದಂತೆ ಕಂಡಿತು. ಕಲಾವಿದ ಪ್ರಯೋಗಾಲಯಕ್ಕೆ ಬಂದರೆ ಯಂತ್ರವನ್ನೇ ಬರೆಯಬೇಕೆ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಊಟದ ಹೊತ್ತಿಗೆ, ಎಲ್ಲರೂ 'ಆರ್ ಒನ್' ಅನ್ನುವ ಮೊದಲನೇ ನಂಬರಿನ ಕ್ಯಾಂಟೀನಿನಲ್ಲಿ. ಉದ್ದನೆಯ ಮೇಜುಗಳು, ತಟ್ಟೆ ಹಿಡಿದು ನಿಂತ ನೊಬೆಲ್ ಮಟ್ಟದವರು, ಅವರ ಹಿಂದೆ ಬೇಸಿಗೆ ತರಬೇತಿಗೆ ಬಂದ ಹುಡುಗರು. ಆಕಾಶ ತಿಳಿಯಾಗಿತ್ತು, ಗಾಜಿನಾಚೆ ಮಾಂಟ್ ಬ್ಲಾಂಕ್ ಕಾಣುತ್ತಿತ್ತು. "ಬರೋ ಕಲಾವಿದರ ಕೆಲಸ ಮುಕ್ಕಾಲು ನಡೆಯೋದು ಇಲ್ಲೇ ಸರ್" ಅಂದಳು. ಪ್ರತಿ ಕಲಾವಿದರಿಗೂ ಒಬ್ಬ ವಿಜ್ಞಾನಿಯನ್ನು ಜೊತೆ ಮಾಡುತ್ತಾರೆ. ಇಬ್ಬರೂ ಕೂತು ಮಾತಾಡಬೇಕು, ಅಷ್ಟೇ. ಹೊರಡುವ ಹೊತ್ತಿಗೆ ಕಲಾಕೃತಿಯೊಂದನ್ನು ಮುಗಿಸಿ ಒಪ್ಪಿಸಲೇಬೇಕು ಎಂಬ ಕರಾರಿಲ್ಲ. ದುಡ್ಡು ಕೊಟ್ಟು ಕರೆಸಿ ಸುಮ್ಮನೆ ತಿರುಗಾಡಲು ಬಿಡುವ ಸಂಸ್ಥೆಯನ್ನು ನಾನಂತೂ ಬೇರೆ ಕಂಡಿಲ್ಲ. ಲೆಕ್ಕಪರಿಶೋಧಕರಿಗೆ ಇದನ್ನು ಹೇಗೆ ವಿವರಿಸುತ್ತಾರೋ ಎಂಬ ಕುತೂಹಲ ಈಗಲೂ ಉಳಿದಿದೆ.

ಮೊದಲು ಬಂದವನು ಜರ್ಮನಿಯ ಯೂಲಿಯಸ್ ಫಾನ್ ಬಿಸ್ಮಾರ್ಕ್, 2012ರಲ್ಲಿ. ಅವನ ಜೊತೆಗಾರ ಸೈದ್ಧಾಂತಿಕ ವಿಜ್ಞಾನಿ ಜೇಮ್ಸ್ ವೆಲ್ಸ್. ಆ ಸಹವಾಸದಿಂದ ಹುಟ್ಟಿದ ಕೃತಿಯಲ್ಲಿ ಇರುವುದು ನಾಲ್ಕೇ ದೀಪ. ಚಾವಣಿಯಿಂದ ಇಳಿಬಿದ್ದು ಒಂದೊಂದೂ ತನ್ನ ಪಾಡಿಗೆ ವೃತ್ತ ಸುತ್ತುತ್ತದೆ. ನೋಡುತ್ತಿದ್ದಂತೆ ನಾಲ್ಕೂ ಲಯ ಕೂಡಿಕೊಳ್ಳುತ್ತವೆ, ಕೂಡಿತು ಅನ್ನುವಷ್ಟರಲ್ಲಿ ಚೆದುರುತ್ತವೆ. ವಿಡಿಯೊದಲ್ಲಿ ನೋಡಿಯೇ ನಾನು ಊಟ ಮರೆತಿದ್ದೆ. ಅಲ್ಲಿ ಪ್ರೋಟಾನಿಲ್ಲ, ಕಾಂತವಿಲ್ಲ, ಆದರೂ ಭೌತವಿಜ್ಞಾನ ಓದಿದವರ ತಾಳ್ಮೆ ಇದೆ.

ಅದೇ ವರ್ಷ ಬಂದ ಜಿನೀವಾದ ನೃತ್ಯ ಸಂಯೋಜಕ ಜಿಲ್ ಜೋಬಾನ್ ಇನ್ನೂ ಕಿಲಾಡಿ. ಇಲ್ಲಿನ ಗ್ರಂಥಾಲಯದಲ್ಲಿ, ಓದುತ್ತ ಕೂತವರ ನಡುವೆಯೇ ನರ್ತಕರನ್ನು ಬಿಟ್ಟ. ಮುಂದೆ 'ಕ್ವಾಂಟಂ' ಎಂಬ ನೃತ್ಯ ಕಟ್ಟಿದ. ಬಿಸ್ಮಾರ್ಕನ ತೂಗುವ ದೀಪಗಳ ಕೆಳಗೆ ಆರು ನರ್ತಕರು, ಕಾರ್ಲಾ ಸ್ಕಾಲೆಟ್ಟಿ ಕೊಲೈಡರಿನ ದತ್ತಾಂಶದಿಂದ ತೆಗೆದ ಸಂಗೀತ. ಅದರ ಮೊದಲ ಪ್ರದರ್ಶನ ನಡೆದದ್ದು 2013ರ ಸೆಪ್ಟೆಂಬರಿನಲ್ಲಿ, ಫ್ರಾನ್ಸ್ ಗಡಿಯೊಳಗಿನ ಸೆಸ್ಸಿ ಹಳ್ಳಿಯಲ್ಲಿ, 14,000 ಟನ್ನಿನ ಸಿಎಂಎಸ್ ಶೋಧಕ ಇರುವ ಜಾಗದಲ್ಲಿ.

"ನಿಮಗೇನು ಪ್ರಯೋಜನ ಇದರಿಂದ?" ಅಂತ ಹುಡುಗಿಯನ್ನು ಕೇಳಿದೆ.

ಕಾಫಿ ಲೋಟ ತಿರುಗಿಸುತ್ತ ಯೋಚಿಸಿದಳು. "ಪೇಪರಿಗೆ ಏನೂ ಇಲ್ಲ ಸರ್. ನಮ್ಮ ಗೈಡ್‌ಗೆ ಇದೆಲ್ಲ ಟೈಮ್ ವೇಸ್ಟು. ಆದ್ರೆ ಒಂದ್ಸಲ ಒಬ್ಬರು ಬಂದು, ನೀನು ಕಣ್ಮುಚ್ಚಿ ಎಲೆಕ್ಟ್ರಾನ್ ಅಂದ್ಕೊಂಡಾಗ ನಿಂಗೇನು ಕಾಣುತ್ತೆ ಅಂತ ಕೇಳಿದ್ರು. ಚೆಂಡು ಕಾಣುತ್ತೆ ಅನ್ನೋಕೆ ನಾಚಿಕೆ ಆಯ್ತು. ತಪ್ಪು ಅಂತ ಗೊತ್ತಿದ್ರೂ ಕಾಣೋದು ಚೆಂಡೇ. ಸಂಜೆ ಲ್ಯಾಬಲ್ಲಿ ಎಲ್ಲರನ್ನೂ ಕೇಳಿದೆ, ಒಬ್ಬೊಬ್ಬರೂ ಒಂದೊಂದು ಹೇಳಿದ್ರು. ಜಗಳಾನೇ ಆಯ್ತು."

ಬಂದುಹೋದವರ ಕೃತಿಗಳನ್ನು ಬಹುಕಾಲ ಬೇರೆ ಊರುಗಳಲ್ಲೇ ನೋಡಬೇಕಿತ್ತು. ಬ್ರಿಟನ್ನಿನ ರೂತ್ ಜಾರ್ಮನ್ ಮತ್ತು ಜೋ ಗೆರ್‌ಹಾರ್ಟ್ ಜೋಡಿ 2015ರಲ್ಲಿ ಇಲ್ಲಿದ್ದರು. ಅಟ್ಲಾಸಿನ ದತ್ತಾಂಶಕ್ಕೆ ತಕ್ಕಂತೆ ಸುತ್ತಿಗೆಗಳು ತಂತಿ ಮೀಟುವ 'ಹೇಲೊ' ಎಂಬ ಹತ್ತು ಮೀಟರ್ ಅಗಲದ ದುಂಡನೆಯ ರಚನೆಯನ್ನು ಅವರು 2018ರಲ್ಲಿ ಬಾಸೆಲ್ ಕಲಾಮೇಳದಲ್ಲಿ ನಿಲ್ಲಿಸಿದರು. 2023ರ ಅಕ್ಟೋಬರಿನಲ್ಲಿ ಪಿಯಾನೊನ ಕಟ್ಟಡ ತೆರೆದ ಮೇಲೆ ಪರಿಸ್ಥಿತಿ ಕೊಂಚ ಬದಲಾಗಿದೆ. ರಸ್ತೆಯ ಮೇಲೆ ಹಾಯುವ ಸೇತುವೆ, ಬಿಟ್ಟಿ ಪ್ರವೇಶ. ಅಲ್ಲಿ ಒಂದು ವಿಭಾಗ ಪೂರ್ತಿ, ವಿಜ್ಞಾನಕ್ಕೆ ಇನ್ನೂ ಗೊತ್ತಿಲ್ಲದ ಸಂಗತಿಗಳಿಗೆ ಮೀಸಲು. ಬಿಸ್ಮಾರ್ಕ್, ಜಪಾನಿನ ರಿಯೋಜಿ ಇಕೆಡಾ, ಕೊರಿಯಾದ ಯುನ್‌ಚುಲ್ ಕಿಮ್ ಮುಂತಾದವರ ಕೆಲಸ ಅಲ್ಲಿದೆ. ಕಿಮ್‌ನ ಕೃತಿ ಮಡಿಕೆ ಮಡಿಕೆಯಾಗಿ ತೂಗಾಡುತ್ತ ತನ್ನಷ್ಟಕ್ಕೆ ಬಣ್ಣ ಬದಲಿಸುತ್ತದೆ. ಫ್ರೆಂಚ್ ಮಗುವೊಂದು ಅದನ್ನು ತೋರಿಸಿ ಅಪ್ಪನಿಗೆ ಏನೋ ಕೇಳಿತು. ಅಪ್ಪ ಪಕ್ಕದ ಫಲಕ ಓದಿದ, ಮಗುವಿನ ಮುಖ ನೋಡಿದ, ಮತ್ತೆ ಫಲಕ ಓದಿದ. ಆ ವಿಭಾಗದಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ. ಉಳಿದ ಕಡೆಯೆಲ್ಲ ಗುಂಡಿ ಒತ್ತಿದರೆ ಉತ್ತರ ಬರುತ್ತದೆ.

ಇಕೆಡಾ ವಿಷಯದಲ್ಲಿ ನನ್ನ ತಕರಾರಿದೆ. ದತ್ತಾಂಶವನ್ನು ಬೆಳಕಾಗಿ ಮಿಂಚಿಸುವುದು ಮೊದಲ ಐದು ನಿಮಿಷ ರೋಮಾಂಚನ, ಆಮೇಲೆ ಬರೀ ಅಲಂಕಾರ. ಹುಡುಗಿ ಒಪ್ಪಲಿಲ್ಲ. ತನ್ನ ಕಂಪ್ಯೂಟರಿನ ಪರದೆ ಇಡೀ ದಿನ ಕಾಣುವುದು ಹಾಗೇ, ಅಷ್ಟು ಚೆಂದವಾಗಿ ಅದನ್ನು ಇನ್ನಾರೂ ತೋರಿಸಿಲ್ಲ ಅಂದಳು. ಟ್ರಾಮಿನ ನಿಲ್ದಾಣದವರೆಗೂ ಅದೇ ವಾದ.

ಟ್ರಾಮ್ ಬರಲು ಐದಾರು ನಿಮಿಷವಿತ್ತು. 2013ರಲ್ಲಿ ದುರಸ್ತಿಗಾಗಿ ಕೊಲೈಡರ್ ನಿಂತಿದ್ದಾಗ ಅಮೆರಿಕದ ಬಿಲ್ ಫೊಂಟಾನಾ ಎಂಬ ಧ್ವನಿ ಕಲಾವಿದ ಸುರಂಗಕ್ಕಿಳಿದು ಅಲ್ಲಿ ಶಬ್ದಗಳನ್ನು ನುಡಿಸಿದ ಕಥೆ ಹೇಳಿದಳು. 2026ರ ಮಧ್ಯದಲ್ಲಿ ಯಂತ್ರವನ್ನು ಮತ್ತೆ ಕೆಲವು ವರ್ಷ ನಿಲ್ಲಿಸುವ ಯೋಜನೆ ಇದೆಯಂತೆ.

"ಆಗ ಬನ್ನಿ ಸರ್, ಹೆಲ್ಮೆಟ್ ಹಾಕ್ಕೊಂಡು ಕೆಳಗೆ ಹೋಗ್ಬಹುದು. ನಿಮ್ಮ ಜಾಕ್ ತೋರಿಸ್ತೀನಿ. ಆದ್ರೆ ಬೇಗ ಹೆಸರು ಕೊಡ್ಬೇಕು, ಕಲಾವಿದರೆಲ್ಲ ಆಗಲೇ ಸಾಲು ಹಚ್ಚಿರ್ತಾರೆ."