ಕರುಳಿಗಿಳಿದ ಕಣ್ಣು

ಮನೆಯ ಹಿರಿಯರು ಮೆಟ್ಟಿಲ ನಡುವೆ ನಿಂತು ಏದುಸಿರು ಬಿಟ್ಟರೆ, “ವಯಸ್ಸಾಯಿತಲ್ಲ” ಎಂಬ ಉತ್ತರ ಎಲ್ಲರ ನಾಲಗೆಯ ಮೇಲೂ ಸಿದ್ಧವಾಗಿರುತ್ತದೆ. ಮುಖ ಬಿಳಿಚಿಕೊಂಡರೆ ನುಗ್ಗೆಸೊಪ್ಪು, ಬೀಟ್‌ರೂಟು, ಕೊನೆಗೆ ಕಬ್ಬಿಣದ ಮಾತ್ರೆ. ರಕ್ತವೇನೋ ಏರುತ್ತದೆ, ಮಾತ್ರೆ ನಿಲ್ಲಿಸಿದ ಕೆಲವು ತಿಂಗಳಲ್ಲಿ ಮತ್ತೆ ಇಳಿಯುತ್ತದೆ. ಕೊಡ ಸೋರುತ್ತಿರುವಾಗ ಬಾವಿಯನ್ನು ದೂರಿ ಫಲವೇನು?

ಸೋರುವುದಕ್ಕೆ ದೊಡ್ಡ ಗಾಯವೇ ಬೇಕೆಂದಿಲ್ಲ. ದೇಹವು ಆಹಾರದಿಂದ ದಿನಕ್ಕೆ ಹೀರಿಕೊಳ್ಳುವ ಕಬ್ಬಿಣ 1ರಿಂದ 2 ಮಿಲಿಗ್ರಾಂ ಮಾತ್ರ. 1 ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ಹಾಗಾಗಿ ದಿನವೂ ಒಂದು ಸಣ್ಣ ಚಮಚದಷ್ಟು ರಕ್ತ ಕರುಳಿನಲ್ಲಿ ಜಿನುಗಿದರೆ ಸಾಕು, ವರಮಾನಕ್ಕಿಂತ ವೆಚ್ಚ ಮಿಗಿಲಾಗುತ್ತದೆ. ನೋವಿಲ್ಲ, ಕಣ್ಣಿಗೆ ಕಾಣುವ ಗುರುತೂ ಇಲ್ಲ.

ಬಾಯಿಯಿಂದ ಇಳಿಸುವ ಎಂಡೊಸ್ಕೋಪ್ ಜಠರವನ್ನು ತೋರಿಸುತ್ತದೆ. ಗುದದ್ವಾರದಿಂದ ಏರುವ ಕೊಲೊನೋಸ್ಕೋಪ್ ದೊಡ್ಡ ಕರುಳನ್ನು. ನಡುವೆ ಸುರುಳಿ ಸುತ್ತಿಕೊಂಡಿರುವ ಸುಮಾರು 20 ಅಡಿ ಉದ್ದದ ಸಣ್ಣ ಕರುಳು ಬಹುಕಾಲ ವೈದ್ಯರ ಪಾಲಿಗೆ ಕತ್ತಲೆಯ ರಾಜ್ಯವೇ ಆಗಿತ್ತು.

ಅಲ್ಲಿಗೆ ದೀಪ ಕಳುಹಿಸುವ ಉಪಾಯ ಹೂಡಿದವರು ಗಾವ್ರಿಯೆಲ್ ಇಡ್ಡಾನ್. ವೈದ್ಯರಲ್ಲ, ಕ್ಷಿಪಣಿಗೆ ಕಣ್ಣು ಜೋಡಿಸುತ್ತಿದ್ದ ಇಸ್ರೇಲಿನ ಎಂಜಿನಿಯರ್. 1981ರಲ್ಲಿ ಬಾಸ್ಟನ್ನಿನಲ್ಲಿದ್ದಾಗ ನೆರೆಮನೆಯ ಜಠರರೋಗ ತಜ್ಞ ಏತಾನ್ ಸ್ಕಾಪಾ ಅವರೊಡನೆ ಆಡಿದ ಮಾತಿನಿಂದ ಈ ವಿಚಾರ ಮೊಳೆಯಿತು. (ನೆರೆಹೊರೆಯ ಹರಟೆಯೆಲ್ಲ ಕಾಲಹರಣವೆಂದು ಹೇಳಲಾಗದು!) ಲಂಡನ್ನಿನ ವೈದ್ಯ ಪಾಲ್ ಸ್ವೈನ್ ಅದೇ ಕನಸನ್ನು ಪ್ರತ್ಯೇಕವಾಗಿ ಕಾಣುತ್ತಿದ್ದರು. ಇಬ್ಬರೂ ಕೂಡಿದ ಮೇಲೆ, 1999ರಲ್ಲಿ, ಮೊದಲ ಗುಳಿಗೆಯನ್ನು ಸ್ವೈನ್ ತಾವೇ ನುಂಗಿದರು. ರೋಗಿಯ ಬಾಯಿಗೆ ಹಾಕುವ ಮುನ್ನ ತನ್ನ ಬಾಯಿಗೆ ಹಾಕಿಕೊಂಡ ವೈದ್ಯನೆಂದರೆ ಗೌರವ ತಾನಾಗಿ ಬರುತ್ತದೆ.

ಆ ಗುಳಿಗೆಯ ಉದ್ದ 26 ಮಿಲಿಮೀಟರ್, ದಪ್ಪ 11. ಒಳಗೆ ಪುಟ್ಟ ದೀಪಗಳು, ಕ್ಯಾಮೆರಾ, ಬ್ಯಾಟರಿ ಮತ್ತು ಚಿತ್ರವನ್ನು ಹೊರಕ್ಕೆ ಬಿತ್ತರಿಸುವ ಯಂತ್ರ. ರಾತ್ರಿಯೆಲ್ಲ ಉಪವಾಸವಿದ್ದವರು ಬೆಳಗ್ಗೆ ಅದನ್ನು ನೀರಿನೊಡನೆ ನುಂಗಿ, ಸೊಂಟದ ಪಟ್ಟಿಯಲ್ಲಿ ಚಿತ್ರಗ್ರಾಹಕವನ್ನು ಕಟ್ಟಿಕೊಂಡು ಓಡಾಡಿಕೊಂಡಿರಬಹುದು. ವಾತಾಪಿಯನ್ನು ಅರಗಿಸಿಕೊಂಡ ಅಗಸ್ತ್ಯರಿಗೂ ಇದು ಅರಗದು! ಮೊದಲ ಮಾದರಿಗಳು ಕ್ಷಣಕ್ಕೆ 2ರಂತೆ ಸುಮಾರು 8 ಗಂಟೆಗಳಲ್ಲಿ 50,000ಕ್ಕೂ ಮಿಕ್ಕ ಚಿತ್ರಗಳನ್ನು ತೆಗೆಯುತ್ತಿದ್ದವು. ಅಷ್ಟನ್ನೂ ಕಣ್ಣಿಟ್ಟು ನೋಡುವ ವೈದ್ಯರ ತಾಳ್ಮೆಯನ್ನು ಯಾರೂ ಹೊಗಳುವುದಿಲ್ಲ.

ಮೇಲಿನ ಹಾಗೂ ಕೆಳಗಿನ ಪರೀಕ್ಷೆಗಳಲ್ಲಿ ಕಾರಣ ಸಿಗದಾಗಲೇ ಇದರ ಸರದಿ. ಆಗ ಕಾಣುವುದೇನು? ಒಬ್ಬರಲ್ಲಿ ಜೇಡನ ಬಲೆಯಂತೆ ಹರಡಿ ಜಿನುಗುವ ರಕ್ತನಾಳಗಳ ಗೊಂಚಲು, ಇನ್ನೊಬ್ಬರಲ್ಲಿ ಗೋಡೆಗೆ ಕಚ್ಚಿಕೊಂಡ ಕೊಕ್ಕೆಹುಳು, ಅಪರೂಪಕ್ಕೆ ಗೆಡ್ಡೆ. ಮಂಡಿನೋವಿಗೆಂದು ವರ್ಷಗಟ್ಟಲೆ ನುಂಗಿದ ಮಾತ್ರೆ ಕೊರೆದ ಹುಣ್ಣೂ ಸಿಗುವುದುಂಟು. ವಯಸ್ಸಿನ ತಲೆಗೆ ಕಟ್ಟಿದ ಅಪರಾಧ ಹೀಗೆ ಮಾತ್ರೆಯ ಡಬ್ಬಿಗೆ ಬಂದು ನಿಲ್ಲುತ್ತದೆ.

ಆದರೆ ಈ ಕಣ್ಣಿಗೆ ಕೈಗಳಿಲ್ಲ. ಮಾಂಸದ ಚೂರನ್ನು ತರಲಾರದು, ರಕ್ತ ನಿಲ್ಲಿಸಲಾರದು. ಕರುಳು ತಳ್ಳಿದತ್ತ ಹೋಗುವುದರಿಂದ ಒಮ್ಮೊಮ್ಮೆ ನೋಡಬೇಕಾದುದೇ ತಪ್ಪಿಹೋಗುತ್ತದೆ. ಕರುಳು ಕಿರಿದಾಗಿರುವ ಶಂಕೆಯಿದ್ದಲ್ಲಿ ಸಿಕ್ಕಿಕೊಳ್ಳುವ ಭಯವುಂಟೆಂದು, ಮೊದಲು ಕರಗುವಂತಹ ಗುಳಿಗೆಯೊಂದನ್ನು ದಾರಿ ನೋಡಿ ಬರಲು ಕಳುಹಿಸುತ್ತಾರೆ. ನಿಜವಾದ ಗುಳಿಗೆ ಹೊರಬಿದ್ದುದು ಖಚಿತವಾಗುವವರೆಗೆ ಎಂ.ಆರ್.ಐ. ಯಂತ್ರದ ಬಳಿ ಸುಳಿಯಕೂಡದು.