ಅಪ್ಪನ ಕೊಬ್ಬರಿ ಪುಡಿ ಮಿಲ್ಲು, ನನ್ನ ಎಕ್ಸೆಲ್ ಶೀಟು

2022ರ ಗೌರಿ ಹಬ್ಬಕ್ಕೆ ಅಂತ ಊರಿಗೆ ಹೋಗಿದ್ದೆ. ತಿಪಟೂರಿನಲ್ಲಿ ರೈಲು ಇಳಿದು, ಆಟೊ ಹಿಡಿದು ನಮ್ಮ ತೋಟದ ತಿರುವಿಗೆ ಬಂದರೆ ಸಾಮಾನ್ಯವಾಗಿ ಮೊದಲು ಕೇಳಿಸುವುದು ಮಿಲ್ಲಿನ ಡ್ರೈಯರ್‌ ಸದ್ದು. ಅದಾದ ಮೇಲೆ ನಾಯಿ ಬೊಗಳುತ್ತದೆ, ಆಮೇಲೆ ಅಮ್ಮ ಬರುತ್ತಾಳೆ. ಅವತ್ತು ನಾಯಿ ಮಾತ್ರ ಬೊಗಳಿತು.

“ಕರೆಂಟ್ ಇಲ್ವೇನಪ್ಪಾ?”

“ಐತೆ. ಹೆಂಗಸ್ರಿಗೆಲ್ಲ ಹಬ್ಬಕ್ಕೆ ರಜಾ ಕೊಟ್ಟಿದೀನಿ ಕಣಮ್ಮ.”

ಅಪ್ಪ ನನ್ನ ಮುಖ ನೋಡದೆ ಹೇಳಿದ್ದರು. ರಾತ್ರಿ ಅಡುಗೆಮನೆಯಲ್ಲಿ ಒಬ್ಬಟ್ಟಿಗೆ ಹೂರಣ ರುಬ್ಬುತ್ತಾ ಅಮ್ಮ ಮೆಲ್ಲಗೆ ಹೇಳಿದಳು: ಮಿಷಿನ್ ನಿಂತು ಹನ್ನೊಂದು ದಿನ ಆಗಿತ್ತು. ನನ್ನ ಮದುವೆಗೆ ಅಂತ ಮಾಡಿಸಿಟ್ಟಿದ್ದ ಒಡವೆ ಗಿರವಿಗೆ ಹೋಗಿ ಏಳು ತಿಂಗಳಾಗಿತ್ತು.

ಒಡವೆ ಹೋಯಿತು ಅಂತ ನನಗೆ ಬೇಜಾರಾಗಲಿಲ್ಲ. ಆ ಏಳು ತಿಂಗಳಲ್ಲಿ ನಾನು ಪ್ರತಿ ಭಾನುವಾರ ಅಪ್ಪನಿಗೆ ಫೋನ್ ಮಾಡಿದ್ದೆ. ಪ್ರತಿ ಸಲವೂ “ಮಿಲ್ಲು ಹೆಂಗೈತೆ?” ಅಂತ ಕೇಳಿದ್ದೆ. ಪ್ರತಿ ಸಲವೂ “ನಡೀತೈತೆ” ಅಂದಿದ್ದರು. ಅದು ನನ್ನನ್ನು ಚುಚ್ಚಿತು.

ವ್ಯಾಪಾರ ಚೆನ್ನಾಗಿದ್ದಾಗಲೇ ಕೆಟ್ಟಿದ್ದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಸ್ವಲ್ಪ ಹೇಳುತ್ತೇನೆ. ನಮ್ಮಲ್ಲಿ ಹೆಚ್ಚಿನ ರೈತರು ಮಾಡುವುದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಾಯಿ ಕುಲುಕಿದರೆ ಲೊಟಲೊಟ ಅನ್ನುತ್ತದೆ. ಆಮೇಲೆ ಸುಲಿದು, ಚಿಪ್ಪು ಬಿಡಿಸಿ, ತಿಪಟೂರು ಎಪಿಎಂಸಿ ಹರಾಜಿಗೆ ತರುತ್ತಾರೆ. ಅಲ್ಲಿಂದ ಉತ್ತರ ಭಾರತಕ್ಕೆ ಹೋಗುತ್ತದೆ.

ಪುಡಿ ಮಿಲ್ಲಿನ ಕತೆ ಬೇರೆ. ನಮಗೆ ಬೇಕಾಗಿದ್ದು ಹಸಿ ತೆಂಗಿನಕಾಯಿ. ಚಿಪ್ಪು ತೆಗೆದು, ಮೇಲಿನ ಕಂದು ಸಿಪ್ಪೆ ಹೆರೆದು, ತೊಳೆದು, ತುರಿದು, ಹಬೆ ಕೊಟ್ಟು ಒಣಗಿಸಿದರೆ ಬೆಳ್ಳಗಿನ ಪುಡಿ. ಬಿಸ್ಕತ್ತು ಮಾಡುವವರು, ಸ್ವೀಟ್ ಅಂಗಡಿಯವರು ಕೊಳ್ಳುತ್ತಾರೆ. ಅಪ್ಪ 2012ರಲ್ಲಿ ಇದನ್ನು ಶುರು ಮಾಡಿದಾಗ ಹದಿನಾಲ್ಕು ಜನ ಕೆಲಸಕ್ಕಿದ್ದರು. ನನ್ನ ಎಂಜಿನಿಯರಿಂಗ್ ಫೀಸು ಕಟ್ಟಿದ್ದು ಈ ಪುಡಿಯೇ.

ಹಬ್ಬದ ಮಾರನೆಯ ದಿನ ನಾನು ಲ್ಯಾಪ್‌ಟಾಪ್ ತೆಗೆದು ಕೂತೆ. ಅಪ್ಪ ಮೂರು ನೋಟ್‌ಬುಕ್ಕು, ಒಂದು ಚೀಲ ಬಿಲ್ಲು ತಂದಿಟ್ಟು ತೋಟಕ್ಕೆ ಹೋಗಿಬಿಟ್ಟರು. ನಷ್ಟ ಎಲ್ಲಿ ಅಂತ ಹುಡುಕಲು ಹೊರಟವಳಿಗೆ ಮೊದಲು ಸಿಕ್ಕಿದ್ದು ಲಾಭ! ಪುಸ್ತಕದ ಪ್ರಕಾರ 2021ರಲ್ಲಿ ಮಿಲ್ಲಿನ ವಹಿವಾಟು ಹಿಂದೆಂದಿಗಿಂತ ಜಾಸ್ತಿ ಇತ್ತು. ಹಾಗಾದರೆ ದುಡ್ಡು ಎಲ್ಲಿ?

ಲೆಕ್ಕ ಹೀಗಿದೆ. ದಿನಕ್ಕೆ ಐದು ಸಾವಿರ ಕಾಯಿ. ಕಾಯಿಗೆ 12 ರೂಪಾಯಿ ಇದ್ದಾಗ ದಿನಕ್ಕೆ 60 ಸಾವಿರ. ಕಾಯಿ ಕೊಟ್ಟ ರೈತನಿಗೆ ಅವತ್ತೇ ದುಡ್ಡು ಕೊಡಬೇಕು, ಅದು ನಮ್ಮಲ್ಲಿ ಮರ್ಯಾದೆಯ ಪ್ರಶ್ನೆ. ಪುಡಿ ಕೊಂಡ ಗಿರಾಕಿ ಕೊಡುವುದು ಎರಡು ತಿಂಗಳಿಗೆ. ತಿಂಗಳಿಗೆ 25 ದಿನ ಕೆಲಸ ಅಂದುಕೊಂಡರೆ 30 ಲಕ್ಷ ರೂಪಾಯಿ ಯಾವಾಗಲೂ ಹೊರಗೇ ಇರುತ್ತದೆ. ಬ್ಯಾಂಕಿನ ಸಿಸಿ ಲಿಮಿಟ್ಟು 25 ಲಕ್ಷ. ಉಳಿದದ್ದು ಅಪ್ಪನ ಕೈಯಿಂದ. ಹೇಗೋ ನಡೆಯುತ್ತಿತ್ತು.

2021ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 17 ಸಾವಿರದ ಆಸುಪಾಸಿಗೆ ಹೋಯಿತು. ಜೊತೆಗೆ ಕಾಯಿಯೂ ಏರಿ ನಮಗೆ 18 ರೂಪಾಯಿಗೆ ಬಂತು. ಅದೇ ಐದು ಸಾವಿರ ಕಾಯಿ, ಅದೇ ಗಿರಾಕಿ, ಅದೇ ಮಿಷಿನ್. ಆದರೆ ಹೊರಗಿರಬೇಕಾದ ದುಡ್ಡು 45 ಲಕ್ಷ! ಬ್ಯಾಂಕಿನ ಲಿಮಿಟ್ಟು ಇದ್ದಲ್ಲೇ ಇತ್ತು. ಅಷ್ಟರಲ್ಲಿ ನಮ್ಮ ದೊಡ್ಡ ಗಿರಾಕಿ, ಬೇರೆ ರಾಜ್ಯದವರು, ಎರಡು ತಿಂಗಳ ಉದ್ರಿಯನ್ನು ಮೂರು ತಿಂಗಳಿಗೆ ಎಳೆದರು. ರೇಟು ಏರಿದ್ದರಿಂದ ವಹಿವಾಟು ದೊಡ್ಡದಾಗಿ ಕಾಣುತ್ತಿತ್ತು, ಕೈಯಲ್ಲಿ ಮಾತ್ರ ಕಾಸಿರಲಿಲ್ಲ.

ಆ ಹಳ್ಳವನ್ನು ಅಪ್ಪ ಕೈಸಾಲದಿಂದ ಮುಚ್ಚಿದರು. 18 ಲಕ್ಷ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 54 ಸಾವಿರ. ಮಿಲ್ಲು ಚೆನ್ನಾಗಿ ನಡೆದ ತಿಂಗಳಲ್ಲಿ ಉಳಿಯುತ್ತಿದ್ದದ್ದೇ 60–70 ಸಾವಿರ. ಹದಿನಾಲ್ಕು ಜನರ ಜೊತೆ ಅಪ್ಪನೂ ದುಡಿಯುತ್ತಿದ್ದದ್ದು ಬಡ್ಡಿಯವನಿಗೆ.

2022ರಲ್ಲಿ ರೇಟು ಇಳಿಯತೊಡಗಿತು. ದುಬಾರಿ ಕಾಯಿಯಿಂದ ಮಾಡಿದ ಪುಡಿ ಗೋಡೌನಿನಲ್ಲಿತ್ತು. ಗಿರಾಕಿ “ಈಗಿನ ರೇಟಿಗೆ ಕೊಡೋದಾದ್ರೆ ಕಳ್ಸಿ” ಅಂದರು. ಅಲ್ಲಿಗೆ ಮುಗಿಯಿತು.

ನನ್ನ ಜಾಣತನ

ನಾನು ಏನು ಮಾಡಿದೆ ಅಂತಲೂ ಹೇಳಬೇಕು. ಬೆಂಗಳೂರಿಗೆ ವಾಪಸ್ ಬಂದವಳೇ ಒಂದು ವೆಬ್‌ಸೈಟ್ ಮಾಡಿದೆ. ಇನ್‌ಸ್ಟಾಗ್ರಾಮ್ ಪೇಜು, ಲೋಗೊ, ಕಾಲು ಕೆಜಿಯ ಚಂದದ ಪ್ಯಾಕೆಟ್ಟು. ನಲವತ್ತು ಸಾವಿರ ಖರ್ಚಾಯಿತು. ಎರಡು ತಿಂಗಳಲ್ಲಿ ಅರವತ್ತು ಪ್ಯಾಕೆಟ್ ಹೋದವು. ಅದರಲ್ಲಿ ನಲವತ್ತು ನನ್ನ ಆಫೀಸಿನವರೇ ತಗೊಂಡಿದ್ದು.

ಅಪ್ಪ ಬೈಯಲಿಲ್ಲ. “ದಿನಾ ಐನೂರು ಕೆಜಿ ಪುಡಿ ಬರೋ ಮಿಷಿನ್ನಿಗೆ ಕಾಲು ಕೆಜಿ ಪ್ಯಾಕೆಟ್ ತೋರಿಸ್ತಿದೀಯಲ್ಲಮ್ಮ” ಅಂತ ನಕ್ಕರು. ತಿಂಗಳುಗಳ ನಂತರ ಅವರು ನಕ್ಕಿದ್ದು ಅದೇ ಮೊದಲು. ನಮ್ಮ ರೋಗಕ್ಕೂ ನನ್ನ ಔಷಧಿಗೂ ಸಂಬಂಧವೇ ಇರಲಿಲ್ಲ. ಪುಡಿ ಮಾರಾಟ ಆಗದೆ ಮಿಲ್ಲು ನಿಂತದ್ದಲ್ಲ, ಮಾರಿದ್ದರ ದುಡ್ಡು ಬಾರದೆ ನಿಂತದ್ದು.

ಬ್ಯಾಂಕಿನ ಬಾಗಿಲು

ಅಪ್ಪ ಬ್ಯಾಂಕಿನ ಕಡೆ ತಲೆ ಹಾಕಿರಲಿಲ್ಲ. “ಎಲ್ಲ ಹೇಳ್ಬಿಟ್ರೆ ತೋಟ ಹರಾಜಿಗೆ ಹಾಕ್ತಾರೆ” ಅನ್ನುವ ಭಯ. ನಾನು ಓದಿಕೊಂಡ ಮೇಲೆ ಗೊತ್ತಾಯಿತು, ಸಾಲದ ಖಾತೆಗೂ ರೋಗದ ಹಾಗೆ ಹಂತಗಳಿವೆ. ಬಾಕಿ ಬಿದ್ದು 30 ದಿನದವರೆಗೆ ಒಂದು ಹಂತ, 60ರವರೆಗೆ ಇನ್ನೊಂದು, 90ರವರೆಗೆ ಮೂರನೆಯದು. 90 ದಾಟಿದರೆ ವಸೂಲಾಗದ ಸಾಲ, ಅಂದರೆ ಎನ್‌ಪಿಎ. ಅಲ್ಲಿಂದಾಚೆ ದಾರಿ ತೀರಾ ಕಿರಿದು. ಸಣ್ಣ ಉದ್ದಿಮೆ 90 ದಿನದೊಳಗೇ ಕಷ್ಟ ಹೇಳಿಕೊಂಡರೆ ಬ್ಯಾಂಕು ಕೂತು ಪರಿಶೀಲಿಸಬೇಕು, ಕಂತು ಮರುಹೊಂದಿಸುವುದೂ ಸೇರಿ ದಾರಿ ಹುಡುಕಬೇಕು ಅಂತ ರಿಸರ್ವ್ ಬ್ಯಾಂಕು 2016ರ ಮಾರ್ಚ್‌ನಲ್ಲೇ ಒಂದು ಚೌಕಟ್ಟು ಮಾಡಿದೆ. ಉದ್ಯಮಿಯೇ ಅರ್ಜಿ ಕೊಡಬಹುದು.

ನಮ್ಮ ಖಾತೆ ಆಗ ಸುಮಾರು ಎಪ್ಪತ್ತನೇ ದಿನದಲ್ಲಿತ್ತು.

ನಾನು, ಅಪ್ಪ ಇಬ್ಬರೂ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು, ಮದುವೆಗೆ ಹೊರಟವರ ಹಾಗೆ. ನಾನು ಶೀಟು ತೋರಿಸಿದೆ. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು, ಎಷ್ಟು ಕಾಯಿ ಒಡೆದರೆ ಎಷ್ಟು ಉಳಿಯುತ್ತದೆ. ಮ್ಯಾನೇಜರ್ ಕನ್ನಡಕ ತೆಗೆದು, “ಯಜಮಾನ್ರೇ, ಇದನ್ನ ಆರು ತಿಂಗಳ ಹಿಂದೆ ತಂದಿದ್ರೆ ಒಡವೆ ಮನೇಲೇ ಇರ್ತಿತ್ತಲ್ಲ” ಅಂದರು. ಸಿಸಿ ಬಾಕಿಯಲ್ಲಿ 10 ಲಕ್ಷವನ್ನು ನಾಲ್ಕು ವರ್ಷದ ಕಂತಿನ ಸಾಲವಾಗಿ ಬದಲಿಸಲು ಒಪ್ಪಿಗೆ ಸಿಕ್ಕಿತು. ಅದಕ್ಕೆ ಎರಡು ತಿಂಗಳು ಓಡಾಡಬೇಕಾಯಿತು.

ಕೈಸಾಲ ತೀರಿಸಲು ಟೌನಿನಲ್ಲಿದ್ದ ಸೈಟು ಮಾರಿದೆವು. ಅಮ್ಮ ಸಹಿ ಹಾಕುವಾಗ ಒಂದೂ ಮಾತಾಡಲಿಲ್ಲ. ಸೈಟು ಮಾರುವುದೋ, ಮಿಲ್ಲು ಮುಚ್ಚುವುದೋ ಅಂತ ಮನೆಯಲ್ಲಿ ಮೂರು ರಾತ್ರಿ ಮಾತಾಗಿತ್ತು. ಮುಚ್ಚುವುದೇ ಸರಿ ಅಂತ ನಾನು ವಾದಿಸಿದ್ದೆ. ಮಿಲ್ಲು ಶುರುವಾದ ದಿನದಿಂದ ಸಿಪ್ಪೆ ಹೆರೆಯುತ್ತಿದ್ದ ಹೆಂಗಸೊಬ್ಬರು ಅದೇ ವಾರ ಮನೆ ಬಾಗಿಲಿಗೆ ಬಂದು, “ಯಾವತ್ತಿಂದ ಬರಾಣ ಅಣ್ಣಾ?” ಅಂತ ಕೇಳಿಬಿಟ್ಟರು. ಆಮೇಲೆ ನನ್ನ ವಾದ ನಡೆಯಲಿಲ್ಲ.

ದೊಡ್ಡ ಗಿರಾಕಿಯನ್ನು ಬಿಟ್ಟಿದ್ದು

ಶೀಟಿನಿಂದ ಇನ್ನೊಂದು ವಿಷಯ ಹೊರಬಂತು. ನಮ್ಮ ಪುಡಿಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ಕೊಳ್ಳುತ್ತಿದ್ದ ಆ ದೊಡ್ಡ ಗಿರಾಕಿಯಿಂದ, ಬಡ್ಡಿ ಕಳೆದರೆ, ನಮಗೆ ಪ್ರತಿ ಚೀಲಕ್ಕೂ ನಷ್ಟ. ಮನೆ ಖರ್ಚು ನಡೆಸಿದ್ದು ಯಾವುದು ಗೊತ್ತಾ? ಇದ್ದಿಲು ಮಾಡುವವರಿಗೆ ಮಾರಿದ ಚಿಪ್ಪು, ಎಣ್ಣೆ ಗಾಣಕ್ಕೆ ಹೋದ ಸಿಪ್ಪೆ. ನಾವು ಕಸ ಅಂದುಕೊಂಡಿದ್ದಕ್ಕೆ ಸ್ಥಳದಲ್ಲೇ ನಗದು ಸಿಗುತ್ತಿತ್ತು.

ಆ ಗಿರಾಕಿಯ ಬಾಕಿಗೆ ಕಾನೂನಿನ ಬಲವೂ ಇತ್ತು. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ, ನೋಂದಾಯಿತ ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆಗ ‘ಸಮಾಧಾನ್’ ಪೋರ್ಟಲ್‌ನಲ್ಲಿ ದೂರು ಕೊಡಬಹುದಿತ್ತು. ನಮ್ಮ ಹತ್ತಿರ ಉದ್ಯಮ್ ನೋಂದಣಿ ಇತ್ತು, ಫೈಲಿನಲ್ಲಿ ಬೆಚ್ಚಗೆ ಮಲಗಿತ್ತು. “ದೂರು ಕೊಟ್ರೆ ಸಂಬಂಧ ಕೆಡ್ತದೆ” ಅಂದರು ಅಪ್ಪ. “ಯಾವ ಸಂಬಂಧ ಅಪ್ಪಾ?” ಅಂದೆ. ಕೊನೆಗೆ ಕಾಯ್ದೆಯ ಹೆಸರು ಹಾಕಿ ಒಂದು ಪತ್ರ ಮಾತ್ರ ಕಳಿಸಿದೆವು. ದುಡ್ಡು ಎಂಟು ತಿಂಗಳಲ್ಲಿ ಕಂತು ಕಂತಾಗಿ ಬಂತು. ಕೊನೆಯ ಒಂದೂವರೆ ಲಕ್ಷ ಇವತ್ತಿಗೂ ಬಂದಿಲ್ಲ.

2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ನಿಯಮವೂ ಬಿಗಿಯಾಗಿದೆ. ಇಂಥ ಬಾಕಿಯನ್ನು ಗಡುವಿನೊಳಗೆ ಕೊಡದಿದ್ದರೆ ಕೊಂಡವರು ಅದನ್ನು ಆ ವರ್ಷದ ಖರ್ಚಿನಲ್ಲಿ ತೋರಿಸುವ ಹಾಗಿಲ್ಲ, ನಿಜವಾಗಿ ಕೊಟ್ಟ ವರ್ಷವೇ ತೋರಿಸಬೇಕು. ಆಮೇಲಿಂದ ಕೆಲವು ಗಿರಾಕಿಗಳು ಮಾರ್ಚ್ ಬಂದರೆ ತಾವೇ ಫೋನ್ ಮಾಡಿ ಲೆಕ್ಕ ಚುಕ್ತಾ ಮಾಡುತ್ತಾರೆ.

2023ರ ಜನವರಿಯಲ್ಲಿ ಮಿಲ್ಲು ಮತ್ತೆ ಶುರುವಾಯಿತು. ದಿನಕ್ಕೆ ಐದು ಸಾವಿರ ಕಾಯಿಯ ಬದಲು ಎರಡು ಸಾವಿರ. ಏಳು ಜನ. ಮುಂಗಡ ಕೊಟ್ಟವರಿಗೆ ಮೊದಲು ಮಾಲು. ವಾರದಲ್ಲಿ ಎರಡು ದಿನ ಬೇರೆಯವರ ಕಾಯಿಯನ್ನು ಕೂಲಿ ಲೆಕ್ಕಕ್ಕೆ ಪುಡಿ ಮಾಡಿಕೊಡುವುದು. ಯಾವ ಗಿರಾಕಿಗೂ ಕಾಲು ಭಾಗಕ್ಕಿಂತ ಹೆಚ್ಚು ಮಾಲಿಲ್ಲ.

ಯಾರ ಕಷ್ಟದಲ್ಲಿ ಯಾರ ಉಸಿರು

ಇಲ್ಲಿಗೆ ಕತೆ ಮುಗಿಸಿದರೆ ಚೆನ್ನಾಗಿರುತ್ತದೆ. ಆದರೆ ಒಂದು ಮಾತು ಹೇಳದಿದ್ದರೆ ಸುಳ್ಳಾಗುತ್ತದೆ.

2023ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 8 ಸಾವಿರದ ಹತ್ತಿರಕ್ಕೆ ಬಿತ್ತು. ಕೇಂದ್ರದ ಬೆಂಬಲ ಬೆಲೆ ಆ ವರ್ಷ ಉಂಡೆ ಕೊಬ್ಬರಿಗೆ 11,750. ನಾಫೆಡ್ ಖರೀದಿಗೂ ಮಿತಿ ಇತ್ತು. ರೈತರು ಬೀದಿಗಿಳಿದರು. ಮರುವರ್ಷ ನೋಂದಣಿಗೆ ರಾತ್ರಿಯೆಲ್ಲ ಸಾಲಲ್ಲಿ ನಿಂತರು, ನಮ್ಮ ಚಿಕ್ಕಪ್ಪನೂ ಅದರಲ್ಲಿದ್ದರು. ನಮ್ಮ ಮಿಲ್ಲು ಚೇತರಿಸಿಕೊಂಡದ್ದು ಅದೇ ಹೊತ್ತಿನಲ್ಲಿ, ಅಗ್ಗದ ಕಾಯಿಯಿಂದ. ನನ್ನ ಶೀಟಿನಲ್ಲಿ ಹಸಿರು ಬಣ್ಣಕ್ಕೆ ತಿರುಗಿದ ಪ್ರತಿ ತಿಂಗಳೂ ಚಿಕ್ಕಪ್ಪನ ಮನೆಯಲ್ಲಿ ಕಷ್ಟದ ತಿಂಗಳು. ನಮ್ಮದೇ ನಾಲ್ಕು ಎಕರೆ ತೋಟವೂ ನಷ್ಟದಲ್ಲಿತ್ತು.

2025ರಲ್ಲಿ ಎಲ್ಲ ತಿರುಗಾಮುರುಗಾ. ಬರ, ನುಸಿ, ಕಪ್ಪುತಲೆ ಹುಳು, ಬಿಳಿ ನೊಣ, ಎಳನೀರಿಗೆ ಹೆಚ್ಚಿದ ಬೇಡಿಕೆ, ಎಲ್ಲ ಸೇರಿ ಕಾಯಿಯೇ ಸಿಗದಂತಾಯಿತು. ಕೊಬ್ಬರಿ 25 ಸಾವಿರ ದಾಟಿತು. ಅಟ್ಟದಲ್ಲಿ ಕಾಯಿ ಇಟ್ಟಿದ್ದ ಚಿಕ್ಕಪ್ಪ ಬೋರ್‌ವೆಲ್ ಸಾಲ ತೀರಿಸಿದರು. ನಾನು ಮಾತ್ರ ಎದೆ ಗಟ್ಟಿ ಮಾಡಿಕೊಂಡು ಅಪ್ಪನಿಗೆ ಫೋನ್ ಮಾಡಿದೆ.

“ಮಿಲ್ಲು ಹೆಂಗೈತೆ?”

“ವಾರಕ್ಕೆ ಮೂರೇ ದಿನ ಓಡಿಸ್ತಿದೀನಿ. ಮುಂಗಡ ಕೊಟ್ಟವ್ರಿಗಷ್ಟೇ. ಉದ್ರಿ ಕೇಳಿದವ್ರಿಗೆ ಕಾಯಿಲ್ಲ ಅಂದೆ. ಈ ತಿಂಗಳು ಹನ್ನೆರಡು ಸಾವಿರ ಕೈ ಬಿಡ್ತು, ಚಿಪ್ಪಿನ ದುಡ್ಡಲ್ಲಿ ಸರಿತೂಗಿಸಿದೀನಿ. ನಿನ್ ಶೀಟಿಗೆ ಹಾಕ್ಕೊ.”

“ನಡೀತೈತೆ” ಅನ್ನಲಿಲ್ಲ. ಹನ್ನೆರಡು ಸಾವಿರ ನಷ್ಟ ಅಂದರು. ನನಗೆ ಅಷ್ಟು ಸಮಾಧಾನ ಕೊಟ್ಟ ನಷ್ಟದ ಸುದ್ದಿ ಇನ್ನೊಂದಿಲ್ಲ.

ಸಣ್ಣ ಉದ್ದಿಮೆ ಯಾಕೆ ಮುಳುಗುತ್ತದೆ ಅಂತ ಕೇಳಿದರೆ ರೇಟು, ಬಡ್ಡಿ, ಉದ್ರಿ ಅಂತ ನಾನೂ ಪಟ್ಟಿ ಕೊಡಬಲ್ಲೆ. ಅವೆಲ್ಲ ನಿಜ. ಆದರೆ ನಮ್ಮ ಮನೆಯಲ್ಲಿ ಮುಳುಗಿಸಿದ್ದು ಆ ಏಳು ತಿಂಗಳು. ಊರಿನ ಎದುರು ಮಾನ, ಮಗಳ ಎದುರು ಧೈರ್ಯ ಉಳಿಸಿಕೊಳ್ಳಲು ಅಪ್ಪ ಒಬ್ಬರೇ ಹೊತ್ತ ಏಳು ತಿಂಗಳು. ಊರಲ್ಲಿ ನಿಮ್ಮ ಅಪ್ಪನದೋ ಅಣ್ಣನದೋ ಅಂಗಡಿ, ಮಿಲ್ಲು, ವರ್ಕ್‌ಶಾಪ್ ಇದ್ದರೆ ಈ ಭಾನುವಾರ ಫೋನಿನಲ್ಲಿ “ಹೇಗಿದೆ?” ಅಂತ ಕೇಳಬೇಡಿ. “ಯಾರಿಂದ ಎಷ್ಟು ಬರಬೇಕು?” ಅಂತ ಕೇಳಿ. ಮೊದಲು ರೇಗುತ್ತಾರೆ. ಆಮೇಲೆ ಹೇಳುತ್ತಾರೆ.

ಒಡವೆ 2024ರ ದೀಪಾವಳಿಗೆ ಮನೆಗೆ ಬಂತು. ಅಮ್ಮ ಅದನ್ನು ಅರಿಶಿನದ ನೀರಲ್ಲಿ ತೊಳೆದು ದೇವರ ಮುಂದೆ ಇಟ್ಟಳು. ಅಪ್ಪ ಒಮ್ಮೆ ನೋಡಿ, ಮಿಲ್ಲಿನ ಬೀಗದ ಕೈ ತಗೊಂಡು ಹೊರಟರು. ಸ್ವಲ್ಪ ಹೊತ್ತಿಗೆ ಡ್ರೈಯರ್‌ ಸದ್ದು ಶುರುವಾಯಿತು.