ನೋಡುವ ನೀರು, ಈಸುವ ನೀರು

ಸಹ್ಯಾದ್ರಿಯಲ್ಲಿ ಹುಟ್ಟಿ ಮೂಡಣಕ್ಕೆ ಹರಿಯುವ ಘಟಪ್ರಭೆಯು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ತಂಗಿ, ಸಂಕೇಶ್ವರದ ಕಡೆಯಿಂದ ಬರುವ ಹಿರಣ್ಯಕೇಶಿಯನ್ನು ಕೂಡಿಸಿಕೊಂಡು, ಗೋಕಾಕದ ಸಮೀಪ ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತದೆ. ಇಲ್ಲಿನ ಬಂಡೆ ಕಲಾದಗಿ ಶ್ರೇಣಿಯ ಮರಳುಗಲ್ಲು, ಎಂದರೆ ಮರಳಿನ ಕಣಗಳು ಯುಗಯುಗಗಳ ಒತ್ತಡದಲ್ಲಿ ಬೆಸೆದುಕೊಂಡು ಗಟ್ಟಿಯಾದ ಶಿಲೆ; ಅದು ಸುಲಭಕ್ಕೆ ಸವೆಯದೆ, ಬಿರುಕು ಬಿಟ್ಟಲ್ಲಿ ಚಪ್ಪಡಿಗಳಾಗಿ ಕಳಚುವುದರಿಂದ ಕಮರಿಯ ಗೋಡೆಗಳು ಕಡಿದಿಟ್ಟಂತೆ ನೆಟ್ಟಗೆ ನಿಂತಿವೆ. ಕುದುರೆಲಾಳದ ಆಕಾರವನ್ನು ಕಂಡು ಇದನ್ನು ನಯಾಗರಕ್ಕೆ ಹೋಲಿಸುವ ರೂಢಿಯುಂಟು. ಬೇಸಿಗೆಯಲ್ಲಿ ಬಂದವರಿಗೆ ಆ ಮಾತು ನಗೆ ತರಿಸೀತು. ಏಕೆಂದರೆ ಮೇಲ್ಗಡೆ ಧೂಪದಾಳದಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಒಡ್ಡು ನೀರನ್ನು ಕಾಲುವೆಗೆ ತಿರುಗಿಸಿರುತ್ತದೆ, ಅಂಚಿನಲ್ಲಿ ಉಳಿಯುವುದು ಒಂದೆರಡು ಎಳೆ ಮಾತ್ರ. ಬೀಳುವ ನೀರನ್ನು 1887ರ ಹೊತ್ತಿಗೇ ಹತ್ತಿಯ ಗಿರಣಿಯ ಯಂತ್ರಗಳಿಗೆ ಹೂಡಿದ ಊರಿದು. ಹೊಳೆಯು ಇಲ್ಲಿ ಎಂದೂ ಬರಿಯ ನೋಟಕ್ಕಾಗಿ ಹರಿದಿಲ್ಲ.

ನೀರು ತಗ್ಗಿದಾಗ ಕಾಣುವ ಬಂಡೆಯ ಹಾಸು ನಿಧಾನವಾಗಿ ನೋಡತಕ್ಕದ್ದು. ಸುಳಿಗೆ ಸಿಕ್ಕ ಗುಂಡುಕಲ್ಲು ಒಂದೇ ಕಡೆ ತಿರುಗಿ ತಿರುಗಿ ಕೊರೆದ ಕುಳಿಗಳು ಅಲ್ಲಿವೆ. ಬಾಯಿ ಕಿರಿದು, ಒಳಗೋಡೆ ನುಣುಪು, ತಳದಲ್ಲಿ ಕೊರೆದ ಕಲ್ಲೇ ಕೆಲವೊಮ್ಮೆ ಬಿದ್ದಿರುತ್ತದೆ. ಮೊಣಕಾಲುದ್ದವೆಂದು ಕಾಲಿಟ್ಟವನು ಆಳುದ್ದ ಮುಳುಗುವುದೂ, ಹಿಡಿಯಲು ಒರಟಾದುದೇನೂ ಸಿಗದಿರುವುದೂ ಇಂಥಲ್ಲಿಯೇ. ಮಾರ್ಕಂಡೇಯ ನದಿ ಎರಡು ಹಂತಗಳಲ್ಲಿ ಇಳಿಯುವ ಗೊಡಚಿನಮಲ್ಕಿಯೂ ಚೆಲುವಿನಲ್ಲಿ ಕಡಿಮೆಯಲ್ಲ, ಅಪಾಯದಲ್ಲಿಯೂ ಕಡಿಮೆಯಲ್ಲ.

ಆದ್ದರಿಂದ ಈ ಸೀಮೆಯಲ್ಲಿ ನೋಡುವ ನೀರು ಬೇರೆ, ಈಸುವ ನೀರು ಬೇರೆ. ಕಮರಿ ದಾಟಿದ ಹೊಳೆ ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿಗಳ ಕಡೆ ಎರೆಮಣ್ಣಿನ ದಂಡೆಗಳ ನಡುವೆ ಸಾವಕಾಶವಾಗಿ ಹರಿಯುತ್ತದೆ. ದಡದಲ್ಲಿ ಕಬ್ಬು, ನೀರಿನಲ್ಲಿ ಎಮ್ಮೆ, ಎಮ್ಮೆಯ ಬಾಲ ಹಿಡಿದು ಕೈಕಾಲು ಬಡಿಯುವ ಹುಡುಗರು. ಪ್ರವಾಸಿಯ ಕ್ಯಾಮೆರಾಕ್ಕೆ ಇಲ್ಲಿ ವಿಶೇಷವೇನೂ ಇಲ್ಲ, ಅದೇ ಈ ಜಾಗದ ಪುಣ್ಯ. ಎಲ್ಲಿ ಮಡುವಿದೆ, ಅಂದರೆ ಹೊಳೆಯ ಪಾತ್ರ ತಟ್ಟನೆ ಆಳವಾಗುವ ತಾಣವಿದೆ, ಎಂಬುದು ದಂಡೆಯ ಊರಿನವರಿಗೆ ಬಾಯಿಪಾಠ. ಆದರೆ ಮಳೆಗಾಲದಲ್ಲಿ ಹಿಡಕಲ್ಲಿನಿಂದ ನೀರು ಬಿಟ್ಟರೆ ಆ ಪಾಠ ನಡೆಯದು. ಹೊಳೆ ಲೋಳಸೂರ ಸೇತುವೆಯನ್ನೂ ಮುಳುಗಿಸಿ ಹರಿಯುವ ಆ ದಿನಗಳಲ್ಲಿ ಈಸು ಬಲ್ಲವರೇ ಮೊದಲು ದನಗಳನ್ನು ಬಿಚ್ಚಿ ಎತ್ತರಕ್ಕೆ ಹೊಡೆಯುತ್ತಾರೆ.